ಹಗೇವಿನ ಮೇಲಿನ ಹೆಡ್ಡಾಫೀಸು

ಜಹೀರಾಬಾದಿನ ನಮ್ಮ ಮನೆಯ ಅಂಗಳದಲ್ಲಿ, ಬೇವಿನ ಮರದ ನೆರಳು ಬೀಳುವ ಕಡೆ, ಒಂದು ಚಪ್ಪಡಿ ಕಲ್ಲಿತ್ತು. ತಾಂಡೂರಿನಿಂದ ಬಂದ ನೀಲಿ ಕಲ್ಲು, ಗಾಡಿಯ ಗಾಲಿಯಷ್ಟು ಅಗಲ. ಅದರ ಕೆಳಗೆ ಹಗೇವು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಹೊಲವನ್ನು ಪಾಲಿಗೆ ಕೊಟ್ಟು, ಅಪ್ಪ ಸರಕಾರಿ ಕಚೇರಿಯ ಗುಮಾಸ್ತನಾಗಿ, ಜೋಳ ಚೀಲದಲ್ಲಿ ಬರತೊಡಗಿದ ಮೇಲೆ ಅದು ಯಾರಿಗೂ ಬೇಕಿರಲಿಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಮುಚ್ಚಿದ್ದರು. ಅವ್ವ ಆ ಕಲ್ಲಿನ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದಳು, ಅಪ್ಪ ಅಲ್ಲಿ ನಿಂತು ಹಲ್ಲುಜ್ಜುತ್ತಿದ್ದ, ನಾನೂ ಅಣ್ಣ ಶರಣುವೂ ಅದರ ಮೇಲೆಯೇ ಬೆಳೆದೆವು. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಒಬ್ಬಳೇ ಅದನ್ನು ಸುತ್ತುಹಾಕಿಕೊಂಡು ಹೋಗುತ್ತಿದ್ದಳು. ಸೊಂಟದಲ್ಲಿ ತುಂಬಿದ ಕೊಡವಿದ್ದರೂ ಸುತ್ತುಹಾಕಿಯೇ. ಅಮಾವಾಸ್ಯೆಗೊಮ್ಮೆ ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ, ಒಂದು ರೊಟ್ಟಿ ಇಟ್ಟು, ಬಾಯಿ ಬಿಡದೆ ಒಳಗೆ ಹೋಗುತ್ತಿದ್ದಳು. ಯಾಕೆಂದು ಕೇಳಿದರೆ "ಅನ್ನ ಇಟ್ಟ ಜಾಗ ಅದು" ಎನ್ನುತ್ತಿದ್ದಳು. ಅದು ಪೂರ್ತಿ ಉತ್ತರವಲ್ಲ ಎಂದು ನನಗೆ ಆಗಲೂ ಅನಿಸುತ್ತಿತ್ತು.

ಮನೆ ದೊಡ್ಡದಲ್ಲ. ರಸ್ತೆಗೆ ಮುಖ ಮಾಡಿದ ಪಡಸಾಲೆ, ಅದರ ಹಿಂದೆ ಅಂಗಳ, ಅಂಗಳದಾಚೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಹಗಲಲ್ಲೂ ಕತ್ತಲೆಯಿರುವ ಒಂದು ಕೋಣೆ. ಒಂದೊಂದು ಜಾಗಕ್ಕೆ ಒಂದೊಂದು ಭಾಷೆ. ಪಡಸಾಲೆಗೆ ಅಪ್ಪನ ಕಚೇರಿಯವರು ಬರುತ್ತಿದ್ದುದರಿಂದ ಅಲ್ಲಿ ತೆಲುಗು, ಉರ್ದು. ಅಡುಗೆಮನೆಯಲ್ಲಿ ಕನ್ನಡ. ಅಂಗಳದಲ್ಲಿ ಎಲ್ಲವೂ ಕಲಸಿಕೊಂಡಿರುತ್ತಿತ್ತು, ಅದಕ್ಕೆ ಹಿಂದಿಯನ್ನೂ ಸೇರಿಸಿದವಳು ಕಸ್ತೂರಿ ಅತ್ತಿ. ಆಕೆ ಅಪ್ಪನ ಕೊನೆಯ ತಂಗಿ. ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದಳು, ಮದುವೆಯ ಮಾತು ನಡೆದಿತ್ತು. ಅವಳಿಗಿದ್ದ ಹುಚ್ಚು ಒಂದೇ: ಕಾಮಿಕ್ಸ್. ಬಸ್ ಸ್ಟ್ಯಾಂಡಿನ ಮಗ್ಗುಲಿಗೆ ಒಂದು ಡಬ್ಬಿ ಅಂಗಡಿಯಲ್ಲಿ ದಾರ ಕಟ್ಟಿ, ಚಿಮಟಿಗೆ ಸಿಕ್ಕಿಸಿ, ಹಿಂದಿ ಕಾಮಿಕ್ಸ್ ತೂಗುಬಿಟ್ಟಿರುತ್ತಿದ್ದರು. ಬಾಡಿಗೆಗೆ ಒಯ್ದು ಓದಿ ತಂದುಕೊಡಬೇಕು. ಅಂಗಡಿಯವನ ವಹಿಯಲ್ಲಿ ಹೆಸರು ಶರಣುವಿನದು. ಓದುತ್ತಿದ್ದವಳು ಅತ್ತಿ. ಬೇಸಿಗೆ ರಜೆಯಲ್ಲಿ, ಆಯಿ ಮಧ್ಯಾಹ್ನ ಅಡ್ಡಾದಾಗ, ಅತ್ತಿ ಆ ಕಲ್ಲಿನ ಮೇಲೆ ಕುಳಿತು ಹಿಂದಿಯನ್ನು ನಮ್ಮ ಮನೆಯ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. ನನ್ನ ಹಿಂದಿ ಆಗ ಅಕ್ಷರ ಕೂಡಿಸುವ ಮಟ್ಟದ್ದು. ಚಿತ್ರ ನೋಡುತ್ತ ಕೇಳುತ್ತಿದ್ದೆ.

ಆ ಪುಸ್ತಕಗಳಲ್ಲಿ ಒಬ್ಬ ಹಾರುವ ವೀರನಿದ್ದ, ಮೈಗಂಟಿದ ಬಟ್ಟೆ, ಮುಖಕ್ಕೆ ನೀಲಿ ಪಟ್ಟಿ. ಅವನ ಬಗ್ಗೆ ನಮಗೆ ಅಷ್ಟೇನೂ ಆಸಕ್ತಿ ಇರಲಿಲ್ಲ. ಹಾರುವುದು ಅವನೊಬ್ಬನಿಗೆ ಬರುತ್ತಿತ್ತು, ನಮಗೆ ಕಲಿಯಲು ಬರುವಂಥದ್ದಲ್ಲ. ನಮಗೆ ಬೇಕಾಗಿದ್ದುದು ಅವನಿಗೆ ಕೆಲಸ ಹಚ್ಚುತ್ತಿದ್ದ ಪಾತಾಳ ವಿಭಾಗ. ಅದೊಂದು ಗುಪ್ತ ಸಂಸ್ಥೆ. ಊರ ನಡುವಿನ ಹಿಟ್ಟಿನ ಗಿರಣಿಯ ಕೆಳಗೆ ಅದರ ಹೆಡ್ಡಾಫೀಸು. ಗಿರಣಿಯವನಿಗೆ ಗೊತ್ತುಮಾಡಿದ ಒಂದು ಮಾತು ಹೇಳಿದರೆ ತಕ್ಕಡಿ ವಾಲುತ್ತದೆ, ನಿಂತ ನೆಲ ಕೆಳಕ್ಕಿಳಿಯುತ್ತದೆ. ಒಳಗೆ ಅಂತಸ್ತಿನ ಮೇಲೆ ಅಂತಸ್ತು, ದೀಪಗಳು, ಉದ್ದ ಮೇಜು. ಚೀಫ್ ಎಂಬವನ ಮುಖ ಯಾರೂ ಕಂಡಿಲ್ಲ. ಕುರ್ಚಿಯ ಬೆನ್ನು, ಅದರ ಮೇಲೊಂದು ಬೋಳು ತಲೆ, ಅಷ್ಟೇ. ಈ ವಿಭಾಗದ ವೈರಿ ಶೂನ್ಯ ಮಂಡಲಿ. ಅವರದೂ ನೆಲದ ಕೆಳಗಿನ ಕಾರಭಾರ, ಅವರಿಗೂ ಉದ್ದ ಮೇಜು, ಅವರ ಮುಖ್ಯಸ್ಥನೂ ನೆರಳಿನಲ್ಲಿ. ಹಾಗಾದರೆ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಗೊತ್ತಾಗುವುದು ಹೇಗೆ ಎಂದು ಶರಣು ಕೇಳಿದ.

"ಗ್ವಾಡಿ ಬಣ್ಣ ನೋಡು," ಎಂದಳು ಅತ್ತಿ. "ಕೆಟ್ಟವರ ಗ್ವಾಡಿ ಹಸರ ಇರ್ತದ."

ಮುಂದೆ ಪತ್ರಿಕೆಯ ಕೆಲಸಕ್ಕೆ ಸೇರಿ ಎಷ್ಟೋ ಉದ್ದ ಮೇಜುಗಳ ಕೋಣೆಗಳಲ್ಲಿ ಕುಳಿತಿದ್ದೇನೆ. ಎಲ್ಲ ಗೋಡೆಗೂ ಸುಣ್ಣವೇ ಇರುತ್ತಿತ್ತು.

ಅತ್ತಿಗೆ ಕತೆಗಿಂತ ಆ ಹೆಡ್ಡಾಫೀಸಿನ ಚಿತ್ರವೇ ಮುಖ್ಯ ಎಂದು ನನಗೆ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ಕಟ್ಟಡವನ್ನು ಕಲ್ಲಂಗಡಿಯಂತೆ ನಡುವೆ ಸೀಳಿ ಒಳಗಿನದನ್ನೆಲ್ಲ ತೋರಿಸುವ ಚಿತ್ರ ಅದು. ಆ ಪುಟ ಬಂದರೆ ಅವಳು ಓದುವುದನ್ನು ನಿಲ್ಲಿಸಿ, ಸುಣ್ಣದ ಕಡ್ಡಿ ತೆಗೆದುಕೊಂಡು ಕಲ್ಲಿನ ಮೇಲೆ ಅದನ್ನು ಗೀಚಿ, ಒರೆಸಿ, ಮತ್ತೆ ಗೀಚುತ್ತಿದ್ದಳು. ನಮ್ಮ ಅಂಗಳದ ಕೆಳಗೂ ಒಂದು ಪಾತಾಳವಿದೆ ಎಂದು ನಮಗೆ ಹೊಳೆಸಿದವಳೂ ಅವಳೇ. ಹೀಗೆ ನಮ್ಮದೊಂದು ವಿಭಾಗ ಹುಟ್ಟಿತು. ಹೆಡ್ಡಾಫೀಸು ಹಗೇವು. ಶರಣು ಚೀಫ್. ಹಗೇವಿನೊಳಗೆ ಕೆಟ್ಟ ಗಾಳಿ ಇರುತ್ತದೆ, ಕಲ್ಲು ಎತ್ತಿದರೆ ಕಾಲು ಮುರಿಯುತ್ತೇನೆ ಎಂದು ಅಪ್ಪ ಹೇಳಿದ್ದರಿಂದ ನಾವು ಕಚೇರಿಯ ಮುಚ್ಚಳದ ಮೇಲೆ ಕುಳಿತೇ ಕೆಲಸ ನಡೆಸಬೇಕಾಯಿತು. ಗುಪ್ತ ಸಂಸ್ಥೆಯವರು ತಮ್ಮ ಹೆಡ್ಡಾಫೀಸನ್ನೇ ಕಾಣದಿರುವುದು ಇನ್ನೂ ಗುಪ್ತ ಎಂದು ಶರಣು ಸಮಾಧಾನ ಹೇಳಿದ.

ಒಂದು ಸಂಜೆ ಊಟದ ಹೊತ್ತಿಗೆ ಅವನು ಈ ವಿದ್ಯೆಯನ್ನು ಅಡುಗೆಮನೆಗೂ ತಂದ. ಬಿಳಿಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅವ್ವ ಒಲೆಯ ಮುಂದೆ, ನಾವೆಲ್ಲ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ. ತಾನು ದೊಡ್ಡವನಾಗಿ ಏಜೆಂಟ ಆಗುತ್ತೇನೆ ಎಂದ.

"ಯಾರು, ನಮ್ಮ ಸಿದ್ರಾಮಪ್ಪನಂಗ?" ಎಂದಳು ಅವ್ವ. ಸಿದ್ರಾಮಪ್ಪ ನಮ್ಮ ಓಣಿಯ ಕಬ್ಬಿನ ಏಜೆಂಟ. ರೈತರಿಗೂ ಫ್ಯಾಕ್ಟರಿಗೂ ನಡುವೆ ಓಡಾಡುವವನು. ಊರಿನ ಮಾತು ಅವನ ಕಿವಿಗೆ ಬಿದ್ದರೆ ಸಂಜೆಯೊಳಗೆ ನಾರಾಯಣಖೇಡ ಮುಟ್ಟುತ್ತದೆ ಎನ್ನುತ್ತಿದ್ದರು.

"ಅಂವ ಕಬ್ಬಿನ ಏಜೆಂಟವ್ವಾ. ನಾ ಸೀಕ್ರೆಟ್ ಏಜೆಂಟ. ಯಾರಿಗೂ ಗೊತ್ತಾಗಂಗಿಲ್ಲ."

"ಗೊತ್ತಾಗದಿದ್ರ ನಿನ್ನ ಧಂದೆ ಹ್ಯಾಂಗ ನಡೀತದ?" ಎಂದಳು ಆಯಿ.

"ಡಬಲ್ ಏಜೆಂಟ ಅಂತನೂ ಒಬ್ಬ ಇರ್ತಾನ ಆಯಿ. ಈ ಕಡಿನೂ ಇರ್ತಾನ, ಆ ಕಡಿನೂ ಇರ್ತಾನ."

"ತಾಂಡೂರ ತೊಗರಿ ಬಜಾರಕ್ಕ ಹೋಗಿ ನೋಡು, ಎಲ್ಲಾರೂ ಅವ್ರೇ. ಮಾರಾಂವನ ಕಡಿಂದೂ ಕಮಿಷನ್, ಕೊಳ್ಳಾಂವನ ಕಡಿಂದೂ ಕಮಿಷನ್. ಇದಕ್ಕ ಪುಸ್ತಕ ಯಾಕ ಓದಬೇಕು?"

ಅಪ್ಪನಿಗೆ ಮಜ್ಜಿಗೆ ನೆತ್ತಿಗೇರಿತು. ಅತ್ತಿ ತಲೆ ತಗ್ಗಿಸಿ ನಗುತ್ತಿದ್ದಳು. ಆಯಿ ನಗಲಿಲ್ಲ, ಅತ್ತಿಯನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಕಾರಣವಿತ್ತು. ಆ ಬೇಸಿಗೆಯಲ್ಲಿ ಬಿಸಿಲು ತಗ್ಗಿದ ಮೇಲೆ ಅತ್ತಿ ದಿನಾ ನನ್ನ ಕೈ ಹಿಡಿದುಕೊಂಡು ಕಾಮಿಕ್ಸ್ ಬದಲಿಸಲು ಹೋಗುತ್ತಿದ್ದಳು, ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಬಸ್ ಸ್ಟ್ಯಾಂಡು ಅಷ್ಟು ದೂರವಿರಲಿಲ್ಲ. ತಾಂಡೂರಿನ ಒಂದು ಮನೆತನದವರು ಅತ್ತಿಯನ್ನು ನೋಡಲು ಬರುತ್ತೇವೆ ಎಂದಿದ್ದರು. ಹುಡುಗ ಕಲ್ಲು ಪಾಲೀಶು ಮಾಡುವ ಕಾರಖಾನೆಯಲ್ಲಿ ಲೆಕ್ಕ ಬರೆಯುವವನು. ಅಪ್ಪ ಒಪ್ಪಿಕೊಂಡಿದ್ದ, ಇನ್ನು ಓದು ಗೀದು ಸಾಕು ಎಂದೂ ಹೇಳಿದ್ದ. ಇಂಥ ಹೊತ್ತಿನಲ್ಲಿ ಹುಡುಗಿ ದಿನಾ ಹೊರಗೆ ಹೋಗುವುದು ಆಯಿಗೆ ಸರಿಬರಲಿಲ್ಲ. ಯಾವನೋ ಒಬ್ಬನಿದ್ದಾನೆ ಎಂದು ಅವಳ ಗುಮಾನಿ.

ಇದ್ದದ್ದು ನಿಜ. ಅವನಿಗೆ ಬಿಳಿ ಗಡ್ಡವಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಶಾಲೆಯಿಂದ ನಿವೃತ್ತರಾದ ಡ್ರಾಯಿಂಗ್ ಮಾಸ್ತರರೊಬ್ಬರಿದ್ದರು, ಎಲ್ಲರೂ ಸಾಬರು ಎನ್ನುತ್ತಿದ್ದರು. ಅತ್ತಿ ಅವರ ಹತ್ತಿರ ಚಿತ್ರ ಕಲಿಯುತ್ತಿದ್ದಳು. ಅವರ ಹೆಂಡತಿ ಮಂಚದ ಮೇಲೆ ಕುಳಿತು ನನಗೆ ಸಬ್ಜಾ ಹಾಕಿದ ಶರಬತ್ತು ಕೊಡುತ್ತಿದ್ದರು. ಸಾಬರು ಅತ್ತಿಯ ಮುಂದೆ ಒಂದು ತಂಬಿಗೆ, ಒಂದು ಪೆಟ್ಟಿಗೆ ಇಟ್ಟು ಬರೆಯಿಸುತ್ತಿದ್ದರು. ಡ್ರಾಯಿಂಗ್ ಪರೀಕ್ಷೆ ಪಾಸಾದರೆ ಮುಂದೆ ತರಬೇತಿ, ಅದಾದ ಮೇಲೆ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ. ಪರೀಕ್ಷೆ ಸಂಗಾರೆಡ್ಡಿಯಲ್ಲಿ. ಇದು ಅತ್ತಿಗೆ, ಸಾಬರಿಗೆ, ಅವರ ಹೆಂಡತಿಗೆ ಮತ್ತು ನನಗೆ ಗೊತ್ತಿದ್ದ ವಿಷಯ. ಆಮೇಲೆ ಶರಣುವಿಗೆ. ಚೀಫ್ ಆದವನಿಗೆ ಹೇಳದೆ ಹೇಗಿರುವುದು?

ಆಯಿ ನನ್ನನ್ನು ಕತ್ತಲೆಯ ಕೋಣೆಗೆ ಕರೆದಳು. ಅಲ್ಲಿ ಶೇಂಗಾ ಉಂಡಿಯ ಡಬ್ಬಿ ಇರುತ್ತಿತ್ತು. ಒಂದು ಉಂಡಿ ನನ್ನ ಕೈಗಿಟ್ಟಳು.

"ಸಾವೀ, ನಿಮ್ಮತ್ತಿ ಎಲ್ಲಿಗಿ ಹೋಗಿದ್ಳು?"

"ಬಸ್ ಸ್ಟ್ಯಾಂಡಿಗಿ. ಪುಸ್ತಕ ವಾಪಸ್ ಕೊಟ್ಳು, ಇನ್ನೊಂದು ತಗೊಂಡ್ಳು."

"ಯಾರ ಜೋಡಿ ಮಾತಾಡಿದ್ಳು?"

"ಅಂಗಡ್ಯಾಂವನ ಜೋಡಿ. ಹೂವಿನಾಕಿ ಜೋಡಿ. ಹೂವಿನಾಕಿಗಿ ಅತ್ತಿ ಮ್ಯಾಲ ಭಾಳ ಪ್ರೀತಿ."

"ಪ್ರೀತಿ ನಿನಗ ಹ್ಯಾಂಗ ಕಾಣಸ್ತು? ಆಕಿ ಏನಂದ್ಳು, ಅದನ್ನ ಹೇಳು."

"ಇನ್ನೊಂದು ಮೊಳ ತಗೋ ಮಗಳ, ಅಂದ್ಳು."

"ಹಾಂ, ಅಷ್ಟ ಹೇಳು. ಕಂಡದ್ದು ಹೇಳು, ಕೇಳಿದ್ದು ಹೇಳು. ನಡುವ ನಿನ್ನ ಅಕಲು ಹಾಕಬ್ಯಾಡ."

ಸುದ್ದಿ ಬರೆಯುವುದನ್ನು ನನಗೆ ಮುಂದೆ ಹಲವರು ಕಲಿಸಿದರು. ಇದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಲಿಲ್ಲ. ಆ ಕೋಣೆಯಲ್ಲಿ ದಿನಾ ನನ್ನ ವರದಿ ನಡೆಯಿತು. ನಾನು ಹೇಳಿದ್ದೆಲ್ಲ ಖರೆ. ಗಲ್ಲಿಯ ಸುದ್ದಿ ಮಾತ್ರ ಬರುತ್ತಿರಲಿಲ್ಲ. ಆಯಿ ಅದನ್ನೂ ಗಮನಿಸುತ್ತಿದ್ದಳು. "ಹೂವು ತಗೊಂಡ್ರಿ, ಬಂದ್ರಿ. ಹಂಗಾದ್ರ ನಡುವಿನ ಹೊತ್ತು ಎಲ್ಲಿ ಹೋತು?" ಎನ್ನುವಳು. ನಾನು ಉಂಡಿ ಅಗಿಯುತ್ತ ಕುಳಿತಿರುತ್ತಿದ್ದೆ. ಇತ್ತ ಅತ್ತಿಗೂ ಉಂಡಿಯ ವಿಷಯ ಗೊತ್ತಿತ್ತು, ನನ್ನ ಬಾಯಿಂದ ಶೇಂಗಾ ವಾಸನೆ ಬರುತ್ತಿತ್ತಲ್ಲ.

"ತಗೋ, ತಿನ್ನು," ಎಂದಿದ್ದಳು. "ಸುಳ್ಳು ಹೇಳಬ್ಯಾಡ. ಆಯಿ ಕೇಳದ್ದು ಹೇಳಬ್ಯಾಡ."

ಆಯಿ ನನ್ನನ್ನು ತನ್ನ ಕಡೆಯವಳೆಂದು ತಿಳಿದಿದ್ದಳು, ಅತ್ತಿ ತನ್ನ ಕಡೆಯವಳೆಂದು. ಇಬ್ಬರೂ ತಿಳಿದದ್ದು ಸರಿಯೇ ಇತ್ತು. ಆ ಸ್ಥಾನದಲ್ಲಿ ನನಗೆ ಒಳ್ಳೆ ಹಿತವಿತ್ತು, ಏಕೆಂದರೆ ಪಾತಾಳ ವಿಭಾಗದ ಪುಸ್ತಕಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದವರು ಅಂಥವರೇ. ಚಹಾ ಮಾರುವವನು, ಸ್ಟೇಷನ್ನಿನ ಹಮಾಲ, ಪಾರಿವಾಳ ಸಾಕಿದ ಮುದುಕಿ. ನೋಡಲು ಸಾದಾ ಮಂದಿ. ಕಾಲರು ಮಗುಚಿದರೆ ಒಳಗೆ ಬಿಲ್ಲೆ. ಅವರು ತಂದ ಮಾತಿನಿಂದಲೇ ದೇಶ ಉಳಿಯುತ್ತಿತ್ತು. ಹಿಂದಿಯಲ್ಲಿ ಅವರಿಗೆ ಮುಖಬೀರ ಎಂಬ ಹೆಸರು. ಅತ್ತಿಗೆ ಆ ಶಬ್ದಕ್ಕೆ ಕನ್ನಡ ಸಿಗಲಿಲ್ಲ, ಹಾಗೆಯೇ ಇಟ್ಟಳು. ಅರ್ಧ ಉರ್ದು ಆಡುವ ಊರಿನಲ್ಲಿ ನಾವಿದ್ದರೂ, ಆ ಶಬ್ದ ಅತ್ತಿಗೂ ಹೊಸದು, ನನಗೂ ಹೊಸದು. ನಮ್ಮ ಮನೆಯಲ್ಲಿ ಅದನ್ನು ಯಾರೂ ಆಡಿದ್ದೇ ಇರಲಿಲ್ಲ. ಯಾಕೆ ಆಡಿರಲಿಲ್ಲ ಎಂಬ ಪ್ರಶ್ನೆ ನಮಗೆ ಹುಟ್ಟುವಂತೆಯೂ ಇರಲಿಲ್ಲ.

ಅಪ್ಪ ಒಂದು ಮಧ್ಯಾಹ್ನ ಕಚೇರಿಯಿಂದ ಬಂದವನೇ ತಾಂಡೂರಿನವರು ಸೋಮವಾರ ಬರುತ್ತಾರೆ ಎಂದ. ಅವ್ವ ಕೂಡಲೇ ಯಾವ ಸಿಹಿ ಮಾಡಲಿ ಎಂದು ಕೇಳಿದಳು. ಅತ್ತಿ ಎದ್ದು ಅಂಗಳಕ್ಕೆ ಹೋದಳು. ಅದೇ ಸೋಮವಾರ ಪರೀಕ್ಷೆ. ನಾವಿಬ್ಬರೂ ಕಲ್ಲಿನ ಮೇಲೆ ಹೋಗಿ ಅವಳ ಪಕ್ಕ ಕುಳಿತೆವು. ಅವಳು ಅಳಲಿಲ್ಲ. ಸುಣ್ಣದ ಕಡ್ಡಿಯಿಂದ ಒಂದು ಪೆಟ್ಟಿಗೆ ಬರೆದು, ಅದರ ಮೂಲೆಗಳನ್ನು ಮತ್ತೆ ಮತ್ತೆ ತಿದ್ದುತ್ತಿದ್ದಳು.

"ಈ ಸಲ ಬಿಟ್ರ ಮುಗೀತು," ಎಂದಳು. "ಲಗ್ನ ಆದಮ್ಯಾಲ ಯಾರು ಕಳಸ್ತಾರ? ಸೋಮವಾರ ಮುಂಜಾನಿ ಗೆಳತಿ ಮನೀಗಿ ಹೋಗ್ಯಾಳ ಅಂತ ಹೇಳ್ರಿ ನೀವು. ಅವರು ಬರೋದ್ರಾಗ ಬಂದು ಸೀರಿ ಉಟ್ಕೊಂಡು ಕುಂದರ್ತೀನಿ."

"ತಡಾ ಆದ್ರ?" ಎಂದ ಶರಣು.

"ಚೀಫ್ ನೀ ಇದ್ದಿ. ಏನರ ಮಾಡು."

ಚೀಫ್ ಮುಖ ಸಣ್ಣದು ಮಾಡಿಕೊಂಡ. ಹೇಳಬೇಕಾದವಳು ನಾನು ಎಂಬುದು ಮೂವರಿಗೂ ಗೊತ್ತಿತ್ತು. ಆಯಿ ನನ್ನ ಮಾತನ್ನಷ್ಟೇ ನಂಬುತ್ತಿದ್ದಳು. ಅಲ್ಲಿಯ ತನಕ ಇದ್ದದ್ದರಲ್ಲಿ ಕೆಲವನ್ನು ಹೇಳದೆ ಬಿಟ್ಟರೆ ಸಾಕಿತ್ತು. ಈಗ ಇಲ್ಲದ್ದನ್ನು ಸೇರಿಸಬೇಕಾಗಿತ್ತು.

ಮರುದಿನವೇ ಆಯಿ ಕೋಣೆಗೆ ಕರೆದಳು. ಉಂಡಿ ಕೊಟ್ಟಳು. ಡಬ್ಬಿಯ ಮುಚ್ಚಳ ಇನ್ನೂ ಅವಳ ಕೈಯಲ್ಲಿತ್ತು.

"ಸೋಮವಾರ ಆಕಿ ಎಲ್ಲಿಗೂ ಹೋಗಂಗಿಲ್ಲ ಹೌದಿಲ್ಲೋ? ನಿನಗ ಏನರ ಹೇಳ್ಯಾಳ?"

ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಪುಸ್ತಕದಲ್ಲಿ ಇಂಥ ಇಕ್ಕಟ್ಟಿಗೆ ಒಂದು ಮಾತಿತ್ತು. ಮುಖಬೀರ ಎದೆಯ ಮೇಲೆ ಕೈಯಿಟ್ಟು ಅದನ್ನು ಹೇಳಿದರೆ ಚೀಫ್ ಮತ್ತೇನೂ ಕೇಳುತ್ತಿರಲಿಲ್ಲ. ನಾನೂ ಹಾಗೇ ಕೈಯಿಟ್ಟು ಹೇಳಿದೆ.

"ನೀ ಕಾಳಜಿ ಮಾಡಬ್ಯಾಡ ಆಯಿ. ನಾ ನಿನ್ನ ಮುಖಬೀರ ಇದ್ದೀನಿ."

ಮುಚ್ಚಳ ಡಬ್ಬಿಗೆ ಕೂರಲಿಲ್ಲ. ಆಯಿ ಅದನ್ನು ಪಕ್ಕಕ್ಕೆ ಇಟ್ಟಳು.

"ಏನಂದಿ?"

"ಮುಖಬೀರ."

"ಯಾರು ಕಲಿಸಿದ್ರು ಆ ಮಾತು?"

"ಪುಸ್ತಕದಾಗ ಅದ. ಮುಖಬೀರಂದ್ರ ಛಲೋ ಮಂದಿ ಆಯಿ. ದೇಶ ಉಳಸ್ತಾರ."

ಆಯಿ ನನ್ನ ಕೈಯಲ್ಲಿದ್ದ ಉಂಡಿಯನ್ನು ನೋಡಿದಳು. ಅವಳು ಬೈಯುತ್ತಾಳೆಂದು ನಾನು ಕಾಯುತ್ತಿದ್ದೆ. ಬೈಯಲಿಲ್ಲ. ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಕರೆತಂದಳು, ಕಲ್ಲಿನ ಅಂಚಿಗೆ, ಕಾಲು ತಾಗದಂತೆ ನಿಂತಳು. ಅಲ್ಲಿ ನಿಂತು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನಡುವೆ ನನ್ನದೇನೂ ಹಾಕದೆ.

"ನಾ ಲಗ್ನ ಆಗಿ ಹೊಸದಾಗಿ ಬಂದಿದ್ದೆ ಈ ಮನೀಗಿ. ಆಗ ಬೆಳದ ಜ್ವಾಳ ಸರಕಾರಕ್ಕ ಅಳದು ಕೊಡಬೇಕಿತ್ತು. ಅಳದ್ರ ಮನೀಗಿ ಉಳೀತಿರಲಿಲ್ಲ. ನಮ್ಮ ಮಾವ ಹಗೇವ್ನ್ಯಾಗ ತುಂಬಿ, ಮ್ಯಾಲ ಮಣ್ಣು ಹಾಕಿ, ಅದರ ಮ್ಯಾಲ ದನಾ ಕಟ್ಟಿದ್ರು. ಒಬ್ಬಾಂವ ಬರ್ತಿದ್ದ. ಪಡಸಾಲ್ಯಾಗ ಕುಂತು ನಮ್ಮ ರೊಟ್ಟಿನೇ ತಿಂತಿದ್ದ. ದೊಡ್ಡವರಿಗಿ ಏನೂ ಕೇಳ್ತಿರಲಿಲ್ಲ. ನನ್ನ ನಾದಿನಿ ಇದ್ಳು, ನಿನ್ನಷ್ಟಾಕಿ. ಆಕಿ ಕೈಯಾಗ ಬೆಲ್ಲದ ಉಂಡಿ ಇಡ್ತಿದ್ದ. ಇಟ್ಟು, ಮನ್ಯಾಗ ಏನ ನಡದದ ಮಗಳ, ಅಂತ ಕೇಳ್ತಿದ್ದ. ಆಕಿಗೇನು ತಿಳೀತದ, ದನದ ಕಾಲಾಗ ಜ್ವಾಳ ಅದ ಅಂತ ಹೇಳಿದ್ಳು. ಸರಕಾರದ ಮಂದಿ ಬಂದ್ರು. ಕಲ್ಲು ಎಬ್ಬಸಿದ್ರು. ಜ್ವಾಳ ಒಯ್ದ್ರು, ಮಾವಗ ಒಯ್ದ್ರು. ಮಾವ ತಿರುಗಿ ಬಂದ್ರು, ಆದ್ರ ಬಲಗೈ ಎತ್ತಾಕ ಬರ್ತಿರಲಿಲ್ಲ. ಆ ಹುಡುಗಿ ಮುಂದ ಯಾರ ಕೈಯಿಂದೂ ಏನೂ ಇಸ್ಕೊಂಡು ತಿನ್ನಲಿಲ್ಲ. ಆ ಉಂಡಿ ಕೊಡಾಂವಗ ಊರಾಗ ಮುಖಬೀರ ಅಂತಿದ್ರು."

ನಾನು ಉಂಡಿಯನ್ನು ಹಿಂದಕ್ಕೆ ಚಾಚಿದೆ. ಆಯಿ ತೆಗೆದುಕೊಳ್ಳಲಿಲ್ಲ.

"ತಿನ್ನು. ನಾಳಿಂದ ಸುಮ್ಮ ಕೊಡ್ತೀನಿ. ಏನೂ ಕೇಳಂಗಿಲ್ಲ."

ಎಷ್ಟೋ ವರ್ಷಗಳ ನಂತರ, ನಮ್ಮ ಸುದ್ದಿಮನೆಗೆ ಬರುತ್ತಿದ್ದ ಉರ್ದು ಪತ್ರಿಕೆಯ ಗೆಳೆಯರೊಬ್ಬರು ಚಹಾ ಕುಡಿಯುತ್ತ ಹೇಳಿದರು: ಖಬರು, ಅಖಬಾರು, ಮುಖಬೀರ, ಈ ಮೂರೂ ಒಂದೇ ಬೇರಿನ ಶಬ್ದಗಳು. ಸುದ್ದಿ, ಸುದ್ದಿಪತ್ರ, ಸುದ್ದಿ ಮುಟ್ಟಿಸುವವನು. ನನಗೆ ಆಶ್ಚರ್ಯವಾಗಲಿಲ್ಲ. ಅವುಗಳ ನಡುವಿನ ಅಂತರ ಎಷ್ಟು ಕಡಿಮೆ ಎಂದು ನನಗೆ ಆ ಕಲ್ಲಿನ ಅಂಚಿನಲ್ಲೇ ಗೊತ್ತಾಗಿತ್ತು. ಹೇಳುವ ಮಾತು ಒಂದೇ ಇರುತ್ತದೆ. ಎಲ್ಲರ ಮುಂದೆ ಹೇಳಿದರೆ ಖಬರು, ಕತ್ತಲೆಯ ಕೋಣೆಯಲ್ಲಿ ಒಬ್ಬರ ಕಿವಿಗೆ ಹೇಳಿದರೆ ಇನ್ನೊಂದು.

ಆ ದಿನ ಆಯಿ ಕಲ್ಲಿನ ಬಳಿಯಿಂದ ನೇರ ಅಡುಗೆಮನೆಗೆ ಹೋದಳು. ಅತ್ತಿ ಒಲೆಯ ಮುಂದಿದ್ದಳು, ಅವ್ವ ತೊಗರಿಬೇಳೆ ಆರಿಸುತ್ತಿದ್ದಳು.

"ಕಸ್ತೂರಿ, ದಿನಾ ಎಲ್ಲಿಗಿ ಹೋಗ್ತಿ? ನೀನೇ ಹೇಳು. ಹುಡುಗೂರ ಬಾಯಿಂದ ನನಗ ಬ್ಯಾಡ."

ಅತ್ತಿ ನನ್ನ ಕಡೆ ನೋಡಿದಳು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು, ಯಾರೂ ತೆಗೆಯಲಿಲ್ಲ.

"ಚಿತ್ರಾ ಕಲ್ಯಾಕ," ಎಂದಳು ಅತ್ತಿ. "ಡ್ರಾಯಿಂಗ್ ಸಾಬರ ಮನೀಗಿ. ಸೋಮವಾರ ಸಂಗಾರೆಡ್ಡ್ಯಾಗ ಪರೀಕ್ಷಾ ಅದ. ನಾ ಹೋಗಾಕಿ."

"ಮದಲ ಯಾಕ ಹೇಳಲಿಲ್ಲ?"

"ಹೇಳಿದ್ರ ಬ್ಯಾಡಂತಿದ್ದಿ."

"ಅಂತಿದ್ದೆ," ಎಂದು ಆಯಿ ಒಪ್ಪಿಕೊಂಡಳು. "ಈಗೂ ನನಗೇನು ಖುಷಿ ಇಲ್ಲ. ಹೆಣ್ಮಗಳು ಗೊಂಬಿ ಬರಕೊಂತ ಕುಂತ್ರ ಹೊಟ್ಟಿ ತುಂಬ್ತದೇನು? ಏನ ಬರಸ್ತಾರ ಆ ಪರೀಕ್ಷಾದಾಗ?"

ಅತ್ತಿ ಕೈ ಒರೆಸಿಕೊಂಡು ಅಂಗಳಕ್ಕೆ ಹೋಗಿ ಸುಣ್ಣದ ಕಡ್ಡಿ ತೆಗೆದುಕೊಂಡು ಕಲ್ಲಿನ ಮುಂದೆ ಮಂಡಿಯೂರಿದಳು. ನಾವೆಲ್ಲ ಹಿಂದೆ ನಿಂತೆವು. ಅವಳು ಪಾತಾಳ ವಿಭಾಗದ ಹೆಡ್ಡಾಫೀಸನ್ನು ಬರೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಬರೆದದ್ದು ನಮ್ಮ ಹಗೇವನ್ನು. ಮೇಲೆ ನೆಲದ ಗೆರೆ, ಅದರ ಮೇಲೆ ಬೇವಿನ ಮರದ ಬುಡ, ಕೆಳಗೆ ಕುತ್ತಿಗೆ, ಕೆಳಗೆ ಹೊಟ್ಟೆ, ನೆಲವನ್ನು ನಡುವೆ ಸೀಳಿ ತೋರಿಸಿದಂತೆ. ಆಯಿ ಮೊದಲು ದೂರದಿಂದ ನೋಡಿದಳು. ಆಮೇಲೆ ಬಗ್ಗಿದಳು.

"ಕುತ್ತಿಗಿ ಇಷ್ಟು ಅಗಲ ಇರಲಿಲ್ಲ. ಒಬ್ಬಾಂವ ಇಳಿಯುವಷ್ಟ ಇತ್ತು."

ಅತ್ತಿ ತಿದ್ದಿದಳು.

"ತಳದಾಗ ಹುಲ್ಲು ಹಾಸ್ತಿದ್ದಿವಿ. ಬದಿಗಿ ಬೇವಿನ ತಪ್ಪಲ. ಹಾಂ, ಹಂಗ. ಇಲ್ಲ, ಜ್ವಾಳ ಅಷ್ಟ ಮ್ಯಾಲ ಬರ್ತಿರಲಿಲ್ಲ, ತಡಿ."

ಹೀಗೆ ಹೇಳುತ್ತ ಆಯಿ ಕಲ್ಲಿನ ಮೇಲೆ ಕುಳಿತುಬಿಟ್ಟಳು. ತಾನು ಎಲ್ಲಿ ಕುಳಿತಿದ್ದೇನೆಂಬುದು ಅವಳ ಗಮನಕ್ಕೆ ಬಂದಂತೆ ಕಾಣಲಿಲ್ಲ. ಬೆರಳಿನಿಂದ ಒಂದು ಗೆರೆ ಒರೆಸಿ, ಅದರ ಕೆಳಗೆ, ಜೋಳ ಎಲ್ಲಿಯ ತನಕ ಬರುತ್ತಿತ್ತೋ ಅಲ್ಲಿ, ಉಗುರಿನಿಂದ ಗುರುತು ಮಾಡಿದಳು. ಅವ್ವ ನನ್ನ ಹೆಗಲು ಹಿಡಿದುಕೊಂಡು ನಿಂತಿದ್ದಳು.

ಸಂಜೆ ಅಪ್ಪ ಬಂದಾಗ ಜಗಳವಾಯಿತು. ನಮ್ಮ ಮನೆಯ ಜಗಳಗಳಲ್ಲಿ ದನಿ ಏರುತ್ತಿರಲಿಲ್ಲ, ಊಟ ನಿಧಾನವಾಗುತ್ತಿತ್ತು.

"ಮಾತು ಕೊಟ್ಟೀನಿ ನಾ. ಈಗ ಅವರಿಗಿ ಏನಂತ ಹೇಳ್ಲಿ?" ಎಂದ ಅಪ್ಪ.

"ಖರೇ ಹೇಳು," ಎಂದಳು ಆಯಿ. "ಹುಡುಗಿ ಪರೀಕ್ಷಾಕ್ಕ ಹೊಂಟಾಳ, ಸೋಮವಾರ ಮನ್ಯಾಗ ಇರಂಗಿಲ್ಲ."

"ಅವರು ಬ್ಯಾಡ ಅಂದ್ರ?"

"ಅಂದ್ರ ಅಂದ್ರು. ಅದೂ ಒಂದು ಖಬರನೇ. ಈಗ ತಿಳದ್ರ ಛಲೋ, ಲಗ್ನ ಆದಮ್ಯಾಲ ತಿಳದ್ರ ಛಲೋ?"

"ನಿನಗೂ ಈ ಚಿತ್ರಾ ಗಿತ್ರಾ ಸೇರಂಗಿಲ್ಲಲ್ಲ."

"ಸೇರಂಗಿಲ್ಲ. ಆದ್ರ ನನ್ನ ಮನ್ಯಾಗ ಯಾರೂ ಅಡಗಿ ಮಾತಾಡೋದು ಅದಕ್ಕಿಂತ ಸೇರಂಗಿಲ್ಲ."

ಅಪ್ಪ ರೊಟ್ಟಿ ಮುರಿದು, ಹಾಗೇ ಇಟ್ಟು, ಮತ್ತೆ ಮುರಿದ. ಅವ್ವ ಬೇಳೆ ಬಡಿಸುತ್ತ, ಯಾರನ್ನೂ ನೋಡದೆ, "ಗುರುವಾರ ಬರ್ರಿ ಅನ್ರಿ ಅವರಿಗಿ. ಹೋಳಿಗಿ ಮಾಡಾಕ ನನಗೂ ಪುರಸತ್ತು ಸಿಗ್ತದ," ಎಂದಳು. ಮಾತು ಅಲ್ಲಿಗೆ ಮುಗಿಯಿತು. ಅಪ್ಪ ಒಪ್ಪಿದ ಎಂದು ಹೇಳಲಾರೆ. ಮತ್ತೆ ಬೇಡ ಎನ್ನಲಿಲ್ಲ, ಅಷ್ಟು ಮಾತ್ರ ದಾಖಲಿಸಬಲ್ಲೆ. ತಾಂಡೂರಿನವರು ಗುರುವಾರ ಬಂದರು, ಹೋಳಿಗೆ ಉಂಡರು, ಆಮೇಲೆ ಸುದ್ದಿ ಕಳಿಸಲಿಲ್ಲ. ಅತ್ತಿಯ ಮದುವೆ ಬೇರೆ ಕಡೆಯಾಯಿತು, ಸ್ವಲ್ಪ ತಡವಾಗಿ, ಆ ಹೊತ್ತಿಗೆ ಅವಳು ನಾರಾಯಣಖೇಡದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದಳು. ಇದೆಲ್ಲ ಮುಂದಿನ ಮಾತು. ಆ ಸೋಮವಾರ ಬೆಳಗ್ಗೆ ನಮಗೆ ಇದು ಯಾವುದೂ ಗೊತ್ತಿರಲಿಲ್ಲ.

ಆ ಬೆಳಗ್ಗೆ ಅತ್ತಿಯ ಜೊತೆ ಬಸ್ ಸ್ಟ್ಯಾಂಡಿಗೆ ನಾನು, ಶರಣು ಮತ್ತು ಆಯಿ ಹೋದೆವು. ಆಯಿ ಇಳಕಲ್ಲ ಸೀರೆ ಉಟ್ಟಿದ್ದಳು. ಮನೆಯಿಂದ ಹೊರಡುವಾಗ ಅಂಗಳದಲ್ಲಿ ಒಂದು ಗಳಿಗೆ ನಿಂತು, ಕಲ್ಲಿನ ಮೇಲಿಂದ ನಡೆದು ದಾಟಿದಳು. ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಏಜೆಂಟ ಸಿದ್ರಾಮಪ್ಪ ಚಹಾ ಕುಡಿಯುತ್ತ ನಿಂತಿದ್ದ. ಅವನನ್ನು ಕಂಡು ಶರಣು ಅತ್ತಿಯ ಸೆರಗಿನ ಹಿಂದೆ ಸರಿದ, ಗುಟ್ಟು ಕಾಯುವ ಹಳೆಯ ರೂಢಿ. ಅತ್ತಿಯೂ ತಲೆ ತಗ್ಗಿಸಿದಳು. ಸಿದ್ರಾಮಪ್ಪ ಕಪ್ಪು ಇಟ್ಟು ಬಂದ.

"ಏನ್ರಿ ಆಯಿ, ಮುಂಜಾನಿ ಮುಂಜಾನಿ ಎಲ್ಲಾರೂ ಎಲ್ಲಿಗಿ ಹೊಂಟೀರಿ? ಇವತ್ತ ತಾಂಡೂರಿನವರು ಬರ್ತಾರಂತ ಕೇಳಿದ್ದೆ?"

"ಬರಂಗಿಲ್ಲರಿ," ಎಂದಳು ಆಯಿ. ಆಚೆಯ ಬೆಂಚಿನವರಿಗೂ ಕೇಳುವ ದನಿ. "ನಾವೇ ಬ್ಯಾಡ ಅಂದೀವಿ. ಗುರುವಾರ ಬರ್ರಿ ಅಂದೀವಿ. ನಮ್ಮ ಕಸ್ತೂರಿ ಸಂಗಾರೆಡ್ಡಿಗಿ ಹೊಂಟಾಳ. ಡ್ರಾಯಿಂಗ್ ಪರೀಕ್ಷಾ ಅದ. ಡ್ರಾಯಿಂಗ್ ಸಾಬರ ಹಂತ್ಯಾಕ ಕಲ್ತಾಳ, ದಿನಾ ಸಂಜಿ ಮುಂದ, ಅವರ ಮನ್ಯಾಗ, ಅವರ ಹೆಣ್ತಿ ಮುಂದ. ಪಾಸಾದ್ರ ಟೀಚರ್ ಆಗ್ತಾಳ. ಖಬರ ತಗೊಂಡೀರಿಲ್ಲ? ತಾಂಡೂರ ಕಡಿ ಹ್ವಾದ್ರ ಹೇಳ್ರಿ. ನಾರಾಯಣಖೇಡದಾಗೂ ಹೇಳ್ರಿ."

ಸಿದ್ರಾಮಪ್ಪ ಬಾಯಿ ತೆರೆದುಕೊಂಡು ನಿಂತ. ಅವನ ಇಡೀ ಜೀವಮಾನದಲ್ಲಿ ಯಾರೂ ಅವನಿಗೆ ಒಂದು ಸುದ್ದಿಯನ್ನು ಹೀಗೆ ಪೂರ್ತಿಯಾಗಿ ಕೈಗೆ ಕೊಟ್ಟಿರಲಿಲ್ಲ ಎಂದು ತೋರುತ್ತದೆ. ಬೀದರದ ಕಡೆಯಿಂದ ಬಸ್ಸು ಬಂತು. ಅತ್ತಿ ಹತ್ತಿದಳು, ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಈ ಸಲ ತಲೆ ಎತ್ತಿಯೇ ಕುಳಿತಿದ್ದಳು. ಬಸ್ಸು ಹೈದರಾಬಾದ್ ರಸ್ತೆಗೆ ತಿರುಗುವ ತನಕ ಆಯಿ ಕೈ ಎತ್ತಿ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಏನರ ಬಿಟ್ಟೀನೇನು?"

ನಾನು ಆಕೆ ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಮೊದಲಿಂದ ಓದಿ ನೋಡಿದೆ.

"ತಿರುಗಿ ಯಾವಾಗ ಬರ್ತಾಳ ಅಂತ ಹೇಳಲಿಲ್ಲ ಆಯಿ."

"ಹೌದಲ್ಲ," ಎಂದು ಆಯಿ, ಸೆರಗು ಸರಿಮಾಡಿಕೊಂಡು, ಚಹಾದ ಅಂಗಡಿಯ ಕಡೆಗೆ ನಡೆದಳು. "ಸಿದ್ರಾಮಪ್ಪಾ, ನಿಂದರ್ರಿ, ಇನ್ನೊಂದು ಮಾತು ಅದ."